ಒಂದು ಆಳಿನ ಕೂಲಿ: ನನ್ನ ಆ್ಯಪ್‌ಗೆ ಕೊನೆಗೂ ಬೆಲೆ ಸಿಕ್ಕಿದ ಕಥೆ

"ನಮ್ಮ ಕಡೆಯವರು ಆ್ಯಪ್‌ಗೆ ದುಡ್ಡು ಕೊಡಲ್ಲ ಮಾರಾಯ." ಈ ಮಾತನ್ನು ಆರು ವರ್ಷ ಕೇಳಿದ್ದೇನೆ. ಬೆಂಗಳೂರಿನ ಗೆಳೆಯರು ಹೇಳಿದರು. ಊರಿನವರು ಅಡಿಕೆ ಮಾರುವ ಸಹಕಾರ ಸೊಸೈಟಿಯಲ್ಲಿ ಹೇಳಿದರು. ಮನೆಯಲ್ಲೂ ಹೇಳಿದರು. ಹೋದ ಸುಗ್ಗಿಯಲ್ಲಿ ಆರುನೂರ ನಲವತ್ತು ಚಿಲ್ಲರೆ ಜನ ತಲಾ 499 ರೂಪಾಯಿ ಕೊಟ್ಟಿದ್ದಾರೆ. ಎಲ್ಲರೂ ಅಡಿಕೆ ತೋಟದವರು. ಪೇಟೆಯಲ್ಲಿ ಹಸಿಮೆಣಸಿಗೂ ಚೌಕಾಸಿ ಮಾಡುವ ಜನ ಇವರು, ನಾನೂ ಅವರಲ್ಲೊಬ್ಬ.

ಆ್ಯಪ್ ದೊಡ್ಡದೇನಲ್ಲ. ತೋಟದ ಆಳು ಲೆಕ್ಕ. ಯಾರು ಬಂದರು, ಇಡೀ ದಿನವೋ ಅರ್ಧ ದಿನವೋ, ಮುಂಗಡ ಎಷ್ಟು ಒಯ್ದರು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಎಷ್ಟು, ಸುಲಿದವರಿಗೆ ಎಷ್ಟು ಕೆ.ಜಿ.ಯ ದುಡ್ಡು, ಅಷ್ಟೇ. ಕೋಡ್ ಬರೆಯುವ ಕಥೆ ಇಲ್ಲಿ ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ. ನಾನು ಸೋತದ್ದು ಬೆಲೆ ಇಡುವುದರಲ್ಲಿ.

2017ರಲ್ಲಿ ಶುರು ಮಾಡಿದೆ. ಹಿಂದಿನ ವರ್ಷ ಜಿಯೋ ಬಂದು ನಮ್ಮ ಗುಡ್ಡದ ಮೇಲೂ ನೆಟ್ ಹತ್ತಿತ್ತು. ಪ್ಲೇ ಸ್ಟೋರ್‌ನಲ್ಲಿ 25 ಡಾಲರ್ ಕಟ್ಟಿ ಖಾತೆ ತೆರೆದೆ. ಗೂಗಲ್ 2015ರಲ್ಲೇ ಭಾರತಕ್ಕೆ ಕನಿಷ್ಠ ಬೆಲೆಯನ್ನು 10 ರೂಪಾಯಿಗೆ ಇಳಿಸಿತ್ತು. 10 ರೂಪಾಯಿ ಇಟ್ಟರೆ ಮರ್ಯಾದೆ ಇರಲ್ಲ ಅಂತ 49 ಇಟ್ಟೆ. ಕೊಂಡರೆ ಮಾತ್ರ ಇಳಿಸಿಕೊಳ್ಳಬಹುದಾದ ಆ್ಯಪ್.

ಮೊದಲ ವರ್ಷ ಕೊಂಡವರು ಎಂಬತ್ತೋ ತೊಂಬತ್ತೋ. ಅದರಲ್ಲಿ ಮೂವತ್ತು ಜನ ದುಡ್ಡು ವಾಪಸ್ ತಗೊಂಡರು. ಎರಡು ಗಂಟೆಯೊಳಗೆ ಬೇಡ ಅಂದರೆ ದುಡ್ಡು ವಾಪಸ್, ಅದು ಪ್ಲೇ ಸ್ಟೋರ್ ನಿಯಮ. ನಮ್ಮವರು ಏನು ಮಾಡಿದರು ಗೊತ್ತಾ? ವರ್ಷದ ಲೆಕ್ಕ ಪುಸ್ತಕದಲ್ಲೇ ಬರೆದಿಟ್ಟು, ಚುಕ್ತಾ ಮಾಡುವ ದಿನ ಆ್ಯಪ್ ಕೊಂಡು, ಒಂದೂವರೆ ಗಂಟೆಯಲ್ಲಿ ಎಲ್ಲ ತುಂಬಿಸಿ, ಪಿಡಿಎಫ್ ತೆಗೆದು, ಆ್ಯಪ್ ವಾಪಸ್ ಮಾಡಿದರು. ಸಿಟ್ಟು ಬಂತು. ಜನರಿಗೆ ನಿಜವಾಗಿ ಬೇಕಾಗಿದ್ದು ಏನು ಅಂತ ಅವತ್ತೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ಮುಂದಿನದು ಇನ್ನೂ ದೊಡ್ಡ ದಡ್ಡತನ. 2018ರ ದೀಪಾವಳಿಗೆ ಎರಡು ದಿನ ಉಚಿತ ಕೊಡೋಣ, ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬೆಲೆಯನ್ನು ಸೊನ್ನೆ ಮಾಡಿದೆ. ಒಮ್ಮೆ ಉಚಿತ ಮಾಡಿದ ಆ್ಯಪ್‌ಗೆ ಮತ್ತೆ ಬೆಲೆ ಹಾಕಲು ಪ್ಲೇ ಬಿಡುವುದಿಲ್ಲ. ಎಚ್ಚರಿಕೆ ಪರದೆಯ ಮೇಲೇ ಇತ್ತು, ನಾನು ಓದದೆ ಒತ್ತಿದೆ. ಹಬ್ಬ ಮುಗಿದ ಮೇಲೆ ನೋಡಿದರೆ ಬೆಲೆಯ ಖಾನೆಯೇ ಮುಚ್ಚಿದೆ! ಹೊಸ ಹೆಸರಲ್ಲಿ ಮತ್ತೆ ಹಾಕಿದರೆ ಅಲ್ಲಿವರೆಗಿನ ರೇಟಿಂಗ್ ಎಲ್ಲ ಹೋಗುತ್ತದೆ. ಬೇಡ ಅಂತ ಆ್ಯಪ್ ಒಳಗೆ ಬೇರೆಯವರ ಜಾಹೀರಾತು ಹಾಕಿದೆ.

ಜಾಹೀರಾತಿನ ಲೆಕ್ಕ ಕೇಳಿ. ಡೌನ್‌ಲೋಡ್ ಹನ್ನೊಂದು ಸಾವಿರ, ತಿಂಗಳಿಗೆ ಬಳಸುವವರು ಎರಡು ಸಾವಿರದ ಹತ್ತಿರ. ಒಳ್ಳೆಯ ತಿಂಗಳಲ್ಲಿ ಹದಿನೆಂಟು ನೂರು ರೂಪಾಯಿ, ಮಳೆಗಾಲದಲ್ಲಿ ಆರುನೂರು. 100 ಡಾಲರ್ ತುಂಬುವವರೆಗೆ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ, ಅದೂ ದೇವರು ಕಣ್ಣು ಬಿಟ್ಟರೆ. ಅದನ್ನೂ ಸಹಿಸಬಹುದಿತ್ತು. ಆದರೆ ಆಳಿಗೆ ಮುಂಗಡ ಬರೆಯುವ ಪುಟದ ಕೆಳಗೆ "ಐದು ನಿಮಿಷದಲ್ಲಿ ಸಾಲ" ಅಂತ ಜಾಹೀರಾತು ಬರತೊಡಗಿತು. ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ಸಾಲ ಕೊಡಿಸುವ ದಂಧೆ ಯಾವಾಗ ಶುರು ಮಾಡಿದೆ?" ಅಂದರು. ಆ ವಾರವೇ ಕಿತ್ತು ಹಾಕಿದೆ.

ಬೆಲೆ 49 ಇದ್ದ ಕಾಲದಲ್ಲೇ ಒಂದು ಸರ್ವೆಯನ್ನೂ ಮಾಡಿದ್ದೆ. ಪೀಟರ್ ವಾನ್ ವೆಸ್ಟೆಂಡಾರ್ಪ್ ಅಂತ ಡಚ್ಚಿನವನೊಬ್ಬ 1976ರಲ್ಲಿ ನಾಲ್ಕು ಪ್ರಶ್ನೆಗಳ ವಿಧಾನ ಹೇಳಿದ್ದಾನೆ. ಎಷ್ಟಾದರೆ ತೀರಾ ಜಾಸ್ತಿ, ಎಷ್ಟಾದರೆ ಅಗ್ಗ, ಎಷ್ಟು ಕಡಿಮೆಯಾದರೆ ಅನುಮಾನ ಬರುತ್ತದೆ, ಹೀಗೆ. ಸೊಸೈಟಿಗೆ ಅಡಿಕೆ ಮಾರಲು ಬಂದವರನ್ನು ಹಿಡಿದು ಅರವತ್ತು ಜನರ ಉತ್ತರ ನೋಟ್‌ಬುಕ್ಕಲ್ಲಿ ಬರೆದುಕೊಂಡೆ. ಐವತ್ತು ಸರಿ, ನೂರಾದರೆ ಜಾಸ್ತಿ ಅಂತ ಬಂತು. ಆ ಅರವತ್ತರಲ್ಲಿ ಒಬ್ಬರು, "ವಾಟ್ಸಾಪ್‌ನವರೇ ದುಡ್ಡು ತಗೊಳಲ್ಲ, ನಿಂದೇನು?" ಅಂತ ಕೇಳಿದರು. ವಾಟ್ಸಾಪ್‌ನವರೂ ಒಂದು ಕಾಲಕ್ಕೆ ವರ್ಷಕ್ಕೆ ಒಂದು ಡಾಲರ್ ಅನ್ನುತ್ತಿದ್ದರು, 2016ರ ಜನವರಿಯಲ್ಲಿ ಬಿಟ್ಟರು ಅಂತ ಹೇಳಲು ಹೋದೆ. ಅಷ್ಟರಲ್ಲಿ ಅವರ ಅಡಿಕೆ ಟೆಂಡರಿಗೆ ಬಂತು, ಎದ್ದು ಹೋದರು. ಐವತ್ತು ಸರಿ ಅಂದವರ ಪೈಕಿ 49 ರೂಪಾಯಿ ಕೊಟ್ಟವರು ಇಬ್ಬರೋ ಮೂವರೋ. ಬಾಯಲ್ಲಿ ಹೇಳುವ ಬೆಲೆಗೂ ಕೈಯಿಂದ ಬರುವ ಬೆಲೆಗೂ ಸಂಬಂಧವೇ ಇಲ್ಲ.

2021ರಲ್ಲಿ ಆ್ಯಪನ್ನು ಉಚಿತವಾಗಿಯೇ ಇಟ್ಟು, ಒಳಗೆ ತಿಂಗಳಿಗೆ 29 ರೂಪಾಯಿಯ ಚಂದಾ ಮಾಡಿದೆ. ಎಲ್ಲರೂ ಅದನ್ನೇ ಮಾಡು ಅನ್ನುತ್ತಿದ್ದರು. ನೂರ ನಲವತ್ತು ಜನ ಸೇರಿದರು, ಹೆಚ್ಚಿನದು ಬೆಂಗಳೂರಲ್ಲಿರುವ ಮಕ್ಕಳ ಕಾರ್ಡು. ಆ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಕಾರ್ಡಿನಿಂದ ತಾನಾಗಿ ದುಡ್ಡು ಹೋಗಬೇಕಾದರೆ ಹೊಸದಾಗಿ ಒಪ್ಪಿಗೆ ಬೇಕು, 24 ಗಂಟೆ ಮೊದಲೇ ತಿಳಿಸಬೇಕು. ನಿಯಮ ಒಳ್ಳೆಯದೇ. ಆದರೆ ಮತ್ತೆ ಒಪ್ಪಿಗೆ ಕೊಡುವ ಉಸಾಬರಿ ಯಾರಿಗೆ ಬೇಕು? ನವೆಂಬರ್ ಹೊತ್ತಿಗೆ ಐವತ್ತು ಜನ ಉಳಿದರು. ಉಳಿದವರದ್ದೂ ಒಂದೇ ದೂರು: "ತೋಟದಲ್ಲಿ ಆಳೇ ಇಲ್ಲದ ತಿಂಗಳು ದುಡ್ಡು ಯಾಕೆ ಹೋಯ್ತು?" ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹಾಗೇ ಕೇಳುತ್ತಿದ್ದೆ.

ಇನ್ನೊಂದು ನಷ್ಟ ಪೂರ್ತಿ ನನ್ನದೇ ಸೋಮಾರಿತನದ್ದು. 2021ರ ಜುಲೈನಿಂದ ಪ್ಲೇಯವರು ವರ್ಷದ ಮೊದಲ ಹತ್ತು ಲಕ್ಷ ಡಾಲರ್‌ವರೆಗೆ ತಮ್ಮ ಪಾಲನ್ನು 30ರಿಂದ 15 ಪರ್ಸೆಂಟ್‌ಗೆ ಇಳಿಸಿದರು. ಆದರೆ ನಾವೇ ಹೋಗಿ ಹೆಸರು ಬರೆಸಬೇಕು. ನಾನು ಬರೆಸಿದ್ದು ಮುಂದಿನ ಫೆಬ್ರವರಿಯಲ್ಲಿ.

ತಿರುವು ಸಿಕ್ಕಿದ್ದು 2022ರ ಬೇಸಿಗೆಯಲ್ಲಿ, ನೆಂಟರ ಮನೆಯ ಜಗಲಿಯಲ್ಲಿ. ಸುಗ್ಗಿ ಮುಗಿದು ಚುಕ್ತಾ ನಡೆದಿತ್ತು. ಭಾವ ಎರಡು ದಿನದಿಂದ ನೋಟ್‌ಬುಕ್ ಹಿಡಿದು ಕೂತಿದ್ದರು. ಮುನ್ನೂರು ರೂಪಾಯಿ ಮುಂಗಡ ಕೊಟ್ಟಿದ್ದೋ ಇಲ್ಲವೋ ಅಂತ ಆಳಿನ ಜೊತೆ ಜಗಳ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಮನುಷ್ಯ ಮುಖ ಕೆಡಿಸಿಕೊಂಡು ಎದ್ದು ಹೋದ. ಭಾವ ತಲೆ ಮೇಲೆ ಕೈ ಹೊತ್ತು ಹೇಳಿದರು: "ಈ ಲೆಕ್ಕ ಬರೆಯೋಕೇ ಒಂದು ಆಳು ಇಟ್ಟುಬಿಡಬೇಕು ನೋಡು. ಒಂದು ದಿನದ ಕೂಲಿ ಹೋದರೆ ಹೋಯ್ತು."

ನಮ್ಮಲ್ಲಿ ಆಗ ಗಂಡಾಳಿನ ಕೂಲಿ ಐನೂರರ ಆಸುಪಾಸು.

ರೂಪಾಯಿ ಅಂದಾಗ ಇವರು ಆ್ಯಪನ್ನು ವಾಟ್ಸಾಪ್ ಜೊತೆ ತೂಗುತ್ತಾರೆ. ಕೂಲಿ ಅಂದರೆ ಆಳಿನ ಜೊತೆ ತೂಗುತ್ತಾರೆ. ಮನೆಗೆ ಬಂದವನೇ ಎಲ್ಲ ತಿರುಗಾಮುರುಗ ಮಾಡಿದೆ. ಆ್ಯಪ್ ಉಚಿತ. ಬರೆಯುವುದು, ನೋಡುವುದು, ಎಲ್ಲ ವರ್ಷಪೂರ್ತಿ ಉಚಿತ. ಸುಗ್ಗಿ ಕೊನೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಮುಂಗಡ ಕಳೆದು ತಯಾರಾಗುವ ಚುಕ್ತಾ ಪಟ್ಟಿಗೆ ಮಾತ್ರ ದುಡ್ಡು. ವರ್ಷಕ್ಕೆ ಒಂದೇ ಸಲ, ತಾನಾಗಿ ಏನೂ ಕಡಿತ ಆಗುವುದಿಲ್ಲ. ಗುಂಡಿಯ ಮೇಲೆ ಬರೆದದ್ದು: "ವರ್ಷಕ್ಕೆ ಒಂದು ಆಳಿನ ಒಂದು ದಿನದ ಕೂಲಿ." ಕೆಳಗೆ ಸಣ್ಣಕ್ಕೆ 499.

ಗೆಳೆಯರು ನಕ್ಕರು. 49 ಕೊಡದವರು 499 ಕೊಡುತ್ತಾರಾ ಅಂದರು. ಒಬ್ಬನಂತೂ ಐಫೋನಿನಲ್ಲಿ 2008ರಲ್ಲಿ ಬಂದಿದ್ದ 'ಐ ಆಮ್ ರಿಚ್' ಆ್ಯಪನ್ನು ನೆನಪಿಸಿದ. ಕೆಂಪು ಹರಳು ತೋರಿಸುವುದು ಬಿಟ್ಟು ಏನೂ ಮಾಡದ ಆ್ಯಪ್, ಬೆಲೆ 999.99 ಡಾಲರ್. ಆಪಲ್‌ನವರು ತೆಗೆದು ಹಾಕುವ ಮೊದಲು ಎಂಟು ಜನ ಕೊಂಡಿದ್ದರು. "ನಿನಗೂ ಎಂಟು ಜನ ಸಿಗ್ತಾರೆ ಬಿಡು" ಅಂದ.

ಸುಮ್ನೆ ನಂಬಿ ಕೂರಲಿಲ್ಲ, ಬಳಸುವವರನ್ನು ಗುಂಪು ಮಾಡಿ ಬೇರೆ ಬೇರೆ ಬೆಲೆ ತೋರಿಸಿದೆ. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ಪಟ್ಟಿಯ ಪುಟಕ್ಕೆ ಬಂದ ನೂರು ಜನರಲ್ಲಿ 199ಕ್ಕೆ ಹದಿನಾಲ್ಕು ಜನ ಕೊಟ್ಟರು. 299ಕ್ಕೆ ಹದಿಮೂರು. 499ಕ್ಕೆ ಹನ್ನೆರಡು. 999ಕ್ಕೆ ಮೂರು. ಅಂದರೆ 199ರಿಂದ 499ರವರೆಗೆ ಜನಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ! ಇವಿಷ್ಟೂ ಬರೀ ರೂಪಾಯಿ ತೋರಿಸಿದ ಗುಂಪುಗಳು. ಕೂಲಿಯ ಸಾಲು ಸೇರಿಸಿ ಅದೇ 499 ತೋರಿಸಿದಲ್ಲಿ ಹತ್ತೊಂಬತ್ತು ಬಂತು. 199ಕ್ಕೆ ಕೂಲಿಯ ಸಾಲು ಹಾಕುವ ಹಾಗಿಲ್ಲ, ಆ ಕೂಲಿಗೆ ಯಾರು ಬರುತ್ತಾರೆ?

ಬೆಲೆಯನ್ನು ಯಾವ ದಿನ ತೋರಿಸುತ್ತೇನೆ ಅನ್ನುವುದೂ ಇದರಲ್ಲಿ ದೊಡ್ಡ ಪಾಲು. 'ರಾಶಿ' ಅನ್ನುವ ತರದ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರದ ಹತ್ತಿರ ಇದ್ದಾಗ ಸೊಸೈಟಿಯಿಂದ ಬಂದವನ ಕೈಗೂ, ಜುಲೈ ಮಳೆಯಲ್ಲಿ ತೋಟಕ್ಕೆ ಹೊಡೆಯುವ ಮೈಲುತುತ್ತಕ್ಕೆ ಸಾಲ ಮಾಡಿದವನ ಕೈಗೂ ಅಜಗಜಾಂತರ. ಆ ದಿನವನ್ನು ಆ್ಯಪ್ ಹೇಗೆ ಕಂಡುಹಿಡಿಯುತ್ತದೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದು ಮನೆಯ ಅಡುಗೆ ಗುಟ್ಟು.

ಇಷ್ಟಾದರೂ ದುಡ್ಡು ಕೊಡಲು ಹೊರಟ ಮೂವರಲ್ಲಿ ಒಬ್ಬರದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಯುಪಿಐ ಇದೆ, ಪಿನ್ ಮಗನಿಗೆ ಗೊತ್ತು. ಮಗ ಇದ್ದಾನೆ, ನೆಟ್‌ವರ್ಕ್ ಇಲ್ಲ. ಹಾಗಾಗಿ ಉದ್ರಿ ಕೊಟ್ಟೆ. ಹೌದು, ಕಿರಾಣಿ ಅಂಗಡಿಯ ಹಾಗೆ. ಪಟ್ಟಿ ಈಗಲೇ ತಗೊಳ್ಳಿ, ಹದಿನೈದು ದಿನದೊಳಗೆ ದುಡ್ಡು ಹಾಕಿ. ಹಾಕದಿದ್ದರೂ ಕೊಟ್ಟ ಪಟ್ಟಿ ನಿಮ್ಮದೇ, ಮುಂದಿನ ವರ್ಷದ್ದು ಮಾತ್ರ ಸಿಗಲ್ಲ. ಇದಕ್ಕಂತೂ ಬೆಂಗಳೂರಿನವರು ನಗುವುದನ್ನೂ ಬಿಟ್ಟು ನನ್ನ ಬಗ್ಗೆ ಚಿಂತೆ ಮಾಡತೊಡಗಿದರು. ನೂರು ಉದ್ರಿಯಲ್ಲಿ ಎಪ್ಪತ್ತರ ಮೇಲೆ ವಸೂಲಾಗಿದೆ. ನೆನಪಿನ ಸಂದೇಶವನ್ನು ಎರಡೇ ಸಲ ಕಳಿಸುತ್ತೇನೆ. ಅದರಲ್ಲಿ ದುಡ್ಡು ಅನ್ನುವ ಪದವೇ ಇಲ್ಲ. ಏನಿದೆ ಅಂತ ಕೇಳಬೇಡಿ.

ಸಣ್ಣಪುಟ್ಟ ಹುಚ್ಚಾಟಗಳೂ ನಡೆದಿವೆ. ಕನ್ನಡ ಆ್ಯಪ್, ಕನ್ನಡ ಅಂಕಿಯಲ್ಲೇ ಬೆಲೆ ಇರಲಿ ಅಂತ ೪೯೯ ಅಂತ ಹಾಕಿ ನೋಡಿದೆ. ಹಿರಿಯರಿಗೆ ಖುಷಿಯಾಯಿತು. ಹುಡುಗರು ೪೬೬ ಅಂತ ಓದಿ, ದುಡ್ಡು ಕಟ್ಟುವಲ್ಲಿ 499 ಕಂಡು, ಮೋಸ ಅಂತ ಒಂದು ಸ್ಟಾರ್ ಕೊಟ್ಟರು. ಒಂಬತ್ತಕ್ಕೂ ಆರಕ್ಕೂ ಬಾಲದಲ್ಲಿ ಮಾತ್ರ ವ್ಯತ್ಯಾಸ, ಅವರದ್ದೇನು ತಪ್ಪು. ವಾರಕ್ಕೆ ತೆಗೆದೆ. ಐಫೋನಿಗೂ ಮಾಡಿದೆ, ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಅಲ್ಲಿ ಬಂದ ದುಡ್ಡು ಅದರ ಅರ್ಧವೂ ಇಲ್ಲ, ಎರಡನೇ ವರ್ಷ ನಿಲ್ಲಿಸಿದೆ. "ಚಹಾ ಕುಡಿಸಿ" ಅಂತ 20 ರೂಪಾಯಿಯ ಗುಂಡಿ ಇಟ್ಟೆ. ಮೂರು ತಿಂಗಳಲ್ಲಿ ಹನ್ನೊಂದು ಚಹಾ. ಎಲ್ಲಕ್ಕಿಂತ ಸುಲಭವಾಗಿ ಕೊಟ್ಟವರು ಹೊರದೇಶದಲ್ಲಿರುವ ಮಕ್ಕಳು, ಅಪ್ಪನ ತೋಟಕ್ಕೆ ಅಂತ. ಅಲ್ಲಿನ ಬೆಲೆ 6 ಡಾಲರ್ ಇದ್ದದ್ದನ್ನು 15 ಮಾಡಿದೆ, ಒಬ್ಬರೂ ತುಟಿ ಪಿಟಿಕ್ ಅನ್ನಲಿಲ್ಲ. ಆದರೆ ಅಂಥವರು ಎಷ್ಟು ಜನ? ಇಪ್ಪತ್ತೂ ಇಲ್ಲ.

ಕೈಗೆ ಬಂದದ್ದು: 499ರಲ್ಲಿ ಪ್ಲೇ ಪಾಲು ಎಪ್ಪತ್ತೈದು ಹೋಗಿ ನಾನ್ನೂರ ಇಪ್ಪತ್ತನಾಲ್ಕು. ಆರುನೂರ ನಲವತ್ತು ಜನಕ್ಕೆ ಎರಡು ಲಕ್ಷ ಎಪ್ಪತ್ತು ಸಾವಿರದ ಹತ್ತಿರ. ಸರ್ವರ್, ಸಂದೇಶ, ಲೆಕ್ಕಪತ್ರ ನೋಡುವವರ ಫೀಸು ಎಲ್ಲ ಸೇರಿ ನಲವತ್ತು ಸಾವಿರ. ತೆರಿಗೆಯ ಮಾತು ಬೇರೆ. ಇದರಿಂದ ಸಂಸಾರ ನಡೆಯಲ್ಲ, ತೋಟವಿದೆ, ಅವರಿವರ ಕೆಲಸವನ್ನೂ ಮಾಡಿಕೊಡುತ್ತೇನೆ. ಜಾಹೀರಾತಿನಲ್ಲಿ ವರ್ಷಕ್ಕೆ ಹದಿನೈದು ಸಾವಿರ ನೋಡಿದವನಿಗೆ ಇದು ಸಣ್ಣದಲ್ಲ.

ಈ ವರ್ಷ ಒಂದು ತಲೆಬಿಸಿ ಇದೆ. ಕೂಲಿ ಐನೂರೈವತ್ತು, ಕೆಲವು ಕಡೆ ಆರುನೂರಕ್ಕೆ ಹೋಗಿದೆ. ಗುಂಡಿಯ ಮೇಲೆ "ಒಂದು ಆಳಿನ ಕೂಲಿ" ಅಂತಲೇ ಇದೆ, ಅಂದರೆ ನಾನೂ 549 ಮಾಡಬಹುದು. ಭಾವನನ್ನು ಕೇಳಿದೆ. "ಕೂಲಿ ಏರಿಸಿ ಅಂತ ಆಳು ಬಂದು ಕೇಳ್ತಾನೆ. ನೀನೂ ಬಂದು ಕೇಳು" ಅಂದರು. ಅದಕ್ಕೇ ಈ ಸಲ ದೀಪಾವಳಿ ಕಳೆದ ಮೇಲೆ, ಬೆಲೆ ಏರಿಸುವ ಮೊದಲು, ಹಳೆಯ ಗಿರಾಕಿಗಳಲ್ಲಿ ಐವತ್ತು ಜನರ ಮನೆಗೆ ಹೋಗುವುದು ಅಂತ ಮಾಡಿದ್ದೇನೆ. ಬೈಕಿನ ಪೆಟ್ರೋಲಿಗೆ ಎರಡು ಸಾವಿರ ತೆಗೆದಿಟ್ಟಿದ್ದೇನೆ.