ಬಾಲ್ಸಾ ಕಿಟ್‌ನಿಂದ ರೇಡಿಯೋ ನಿಯಂತ್ರಿತ ವಿಮಾನ: ನಾನು ಜೋಡಿಸಿದ ಬಗೆ

ರೇಡಿಯೋ ನಿಯಂತ್ರಿತ ಮಾದರಿ ವಿಮಾನವೊಂದು ಆಕಾಶದಲ್ಲಿ ನೆಟ್ಟಗೆ ಸಾಗುತ್ತದೆಯೋ ಅಥವಾ ಹಾರಿಸುವವರನ್ನು ಕ್ಷಣಕ್ಷಣವೂ ಸತಾಯಿಸುತ್ತದೆಯೋ ಎಂಬುದು, ಅದು ನೆಲ ಬಿಡುವುದಕ್ಕೆ ಎಷ್ಟೋ ಮೊದಲೇ, ಜೋಡಣೆಯ ಹಲಗೆಯ ಮೇಲೆ ತೀರ್ಮಾನವಾಗಿರುತ್ತದೆ. ನನ್ನ ತಿಳಿವಳಿಕೆಯಲ್ಲಿ ಆ ತೀರ್ಮಾನ ನಿಂತಿರುವುದು ಎರಡೇ ಸಂಗತಿಗಳ ಮೇಲೆ: ಎಲ್ಲವೂ ಎಷ್ಟು ನೇರವಾಗಿ ಕೂತಿದೆ ಮತ್ತು ತೂಕ ಎಲ್ಲೆಲ್ಲಿ ಸೇರಿದೆ. ನಾನು ಜೋಡಿಸಿದ್ದು ರೆಕ್ಕೆ ಮೇಲ್ಭಾಗದಲ್ಲಿರುವ ತರಬೇತಿ ಮಾದರಿ. ರೆಕ್ಕೆಯ ಒಟ್ಟು ಉದ್ದ 1.5 ಮೀಟರ್, ಅಗಲ 23 ಸೆಂಟಿಮೀಟರ್, ಹಾರುವ ತೂಕ ಸುಮಾರು 1.4 ಕಿಲೋಗ್ರಾಂ. ಲೇಸರ್‌ನಿಂದ ಕತ್ತರಿಸಿದ ಬಾಲ್ಸಾ (ತುಂಬ ಹಗುರವಾದ ಮರ) ಮತ್ತು ಪ್ಲೈವುಡ್ ತುಂಡುಗಳು, ಸ್ಪಾರ್‌ಗಳಿಗೆ, ಅಂದರೆ ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆಗಳಿಗೆ, ಬೇಕಾದ ಉದ್ದನೆಯ ಕಡ್ಡಿಗಳು ಮತ್ತು ನಿಜ ಅಳತೆಯ ನಕ್ಷೆ ಕಿಟ್‌ನಲ್ಲಿದ್ದವು.

ಅಂಟಿನ ಬಾಟಲಿ ತೆರೆಯುವ ಮುನ್ನ ಕೈಪಿಡಿಯನ್ನು ಕೊನೆಯವರೆಗೆ ಓದಿ, ಪ್ರತಿಯೊಂದು ತುಂಡನ್ನೂ ನಕ್ಷೆಯ ಮೇಲಿಟ್ಟು ಗುರುತಿಸಿಕೊಂಡೆ. ಬಾಲ್ಸಾ ಮರದ ಸಾಂದ್ರತೆ ತುಂಡಿನಿಂದ ತುಂಡಿಗೆ ಬಹಳ ಬದಲಾಗುತ್ತದೆ. ಒಂದೇ ಅಳತೆಯ ಎರಡು ಕಡ್ಡಿಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಗುವುದೂ ಉಂಟು. ಆದ್ದರಿಂದ ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ತೂಗಿ, ಭಾರವಾದ, ಬಿಗಿಯಾದ ಕಡ್ಡಿಗಳನ್ನು ಮುಂಭಾಗಕ್ಕೂ ಹಗುರವಾದವನ್ನು ಬಾಲದ ಚೌಕಟ್ಟಿಗೂ ಬೇರ್ಪಡಿಸಿದೆ. ಎಡ ಮತ್ತು ಬಲ ರೆಕ್ಕೆಗಳ ಸ್ಪಾರ್‌ಗಳಿಗೆ ಮಾತ್ರ ತೂಕದಲ್ಲೂ ಬಾಗುವ ಗುಣದಲ್ಲೂ ಪರಸ್ಪರ ಹೊಂದುವ ಜೋಡಿಗಳನ್ನೇ ಆರಿಸಿದೆ. ಬಾಲಕ್ಕೆ ಇಷ್ಟು ಗಮನ ಏಕೆಂದರೆ, ಈ ಮಾದರಿಯಲ್ಲಿ ಗುರುತ್ವ ಕೇಂದ್ರದಿಂದ ಬಾಲಕ್ಕೆ ಇರುವ ದೂರ ಬ್ಯಾಟರಿಗೆ ಇರುವ ದೂರದ ಸುಮಾರು ಮೂರು ಪಟ್ಟು. ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ 30 ಗ್ರಾಂ ಸೇರಿಸಬೇಕಾಗುತ್ತದೆ, ಮತ್ತು ಆ 40 ಗ್ರಾಂ ಪ್ರತಿ ಹಾರಾಟದಲ್ಲೂ ವ್ಯರ್ಥವಾಗಿ ಹೊತ್ತ ಹೊರೆಯಾಗುತ್ತದೆ.

ಅಂಟುಗಳ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಕ್ಷಣದಲ್ಲಿ ಹಿಡಿಯುವ ಸೈಯನೋ ಅಂಟು ಅನುಕೂಲಕರವೇನೋ ನಿಜ, ಆದರೆ ಒಮ್ಮೆ ಹಿಡಿದರೆ ತಿದ್ದಲು ಅವಕಾಶ ಕೊಡುವುದಿಲ್ಲ, ಒಣಗಿದ ಮೇಲೆ ಪೆಡಸಾಗುತ್ತದೆ, ಅದರ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಆದ್ದರಿಂದ ಚೌಕಟ್ಟಿನ ಬಹುಪಾಲು ಕೀಲುಗಳಿಗೆ ನಿಧಾನವಾಗಿ ಒಣಗುವ ಮರದ ಅಂಟನ್ನೇ ಬಳಸಿದೆ; ಅದು ಉಜ್ಜಲು ಸುಲಭ, ಜೋಡಿಸಿದ ಮೇಲೂ ಕೆಲವು ನಿಮಿಷ ತುಂಡನ್ನು ಸರಿಪಡಿಸಲು ಬಿಡುತ್ತದೆ. ಮೂಗಿನಲ್ಲಿ ಮೋಟಾರು ಕೂರುವ ಗೋಡೆ, ರೆಕ್ಕೆಗಳ ನಡುಗೀಲು, ಗಾಲಿಯ ತಂತಿ ಕೂರುವ ಜಾಗ ಇಂತಹ ಕಡೆಗಳಲ್ಲಿ ಮಾತ್ರ 30 ನಿಮಿಷದ ಎಪಾಕ್ಸಿಯನ್ನು ಉಪಯೋಗಿಸಿದೆ. ಎಪಾಕ್ಸಿ ಭಾರವಾದ ಅಂಟು. ಬೇಕಾದಲ್ಲಿ ಅದನ್ನು ಉಳಿಸಬಾರದು, ಬೇಡದಲ್ಲಿ ಒಂದು ಹನಿಯನ್ನೂ ಬಿಡಬಾರದು.

ಜೋಡಣೆಯ ಹಲಗೆ ಅತ್ಯಂತ ಸಮತಟ್ಟಾಗಿರಬೇಕು ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ಹಲಗೆಯಲ್ಲಿರುವ ಬಾಗು ರೆಕ್ಕೆಗೂ ಬರುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗಿನಿಂದ ಬೆಳಕು ನುಸುಳುತ್ತದೆಯೇ ಎಂದು ನೋಡಿದ ನಂತರವೇ ನಕ್ಷೆಯನ್ನು ಹಾಸಿ, ಅಂಟು ಕಾಗದಕ್ಕೆ ತಾಗದಂತೆ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹರಡಿದೆ. ಕೆಳಗಿನ ಸ್ಪಾರನ್ನು ಪಿನ್ನುಗಳಿಂದ ಬಂಧಿಸಿ, ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳನ್ನು) ಒಂದೊಂದಾಗಿ ಮೂಲೆಮಟ್ಟದಿಂದ ಲಂಬವಾಗಿ ನಿಲ್ಲಿಸಿ, ಮೇಲಿನ ಸ್ಪಾರನ್ನು ಅವುಗಳ ಕಚ್ಚುಗಳಲ್ಲಿ ಕೂರಿಸಿದೆ. ತುಂಡು ಕಚ್ಚಿನಲ್ಲಿ ಬಿಗಿಯಾದರೆ ಒತ್ತಿ ಸೇರಿಸದೆ ಉಜ್ಜುಕಾಗದದಿಂದ ಸವರಬೇಕು. ಒತ್ತಡದಲ್ಲಿ ಕೂತ ರಿಬ್ಬು ಪಿನ್ನು ತೆಗೆದ ಕೂಡಲೇ ರೆಕ್ಕೆಯನ್ನು ತಿರುಚುತ್ತದೆ.

ಎರಡು ಸ್ಪಾರ್‌ಗಳ ನಡುವೆ, ಪ್ರತಿಯೊಂದು ಜೋಡಿ ರಿಬ್‌ಗಳ ಮಧ್ಯದ ಖಾಲಿ ಜಾಗದಲ್ಲಿ, ತೆಳು ಬಾಲ್ಸಾ ಹಲಗೆಗಳನ್ನು ಅಂಟಿಸುವ ಹಂತವನ್ನು ಹಲವರು ಅವಸರದಲ್ಲಿ ಮುಗಿಸುತ್ತಾರೆ. ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಇದಕ್ಕೇ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲು ನೋಡುತ್ತದೆ. ಆಗ ಮೇಲಿನ ಸ್ಪಾರ್ ಒತ್ತಲ್ಪಡುತ್ತದೆ, ಕೆಳಗಿನದು ಎಳೆಯಲ್ಪಡುತ್ತದೆ. ಇವೆರಡನ್ನೂ ಒಂದೇ ತೊಲೆಯಾಗಿ ಕೆಲಸ ಮಾಡಿಸುವುದು ನಡುವಿನ ಈ ಹಲಗೆಗಳು. ಅವು ಇಲ್ಲದಿದ್ದರೆ ಮೇಲಿನ ಕಡ್ಡಿ ಎರಡು ರಿಬ್‌ಗಳ ಮಧ್ಯದಲ್ಲಿ ಸೊಟ್ಟಗಾಗಿ ಮುರಿಯುತ್ತದೆ. ಹಲಗೆಯ ನಾರು ಮೇಲಿನಿಂದ ಕೆಳಕ್ಕೆ ಲಂಬವಾಗಿಯೇ ಇರಬೇಕು, ಏಕೆಂದರೆ ಬಾಲ್ಸಾ ತನ್ನ ನಾರಿನ ದಿಕ್ಕಿನಲ್ಲಿ ಮಾತ್ರ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ರೆಕ್ಕೆಯ ಬುಡದಲ್ಲಿ ಬಾಗುವ ಬಲ ಅತ್ಯಧಿಕವಾಗಿರುವುದರಿಂದ ಅಲ್ಲಿನ ಹಲಗೆಗಳು ಎಲ್ಲಿಯೂ ಸಂದು ಬಿಡದೆ ಸ್ಪಾರಿಗೆ ಪೂರ್ತಿ ತಾಗುವಂತೆ ಒಂದೊಂದನ್ನೂ ಅಳೆದು ಕತ್ತರಿಸಿದೆ.

ಎರಡು ರೆಕ್ಕೆಗಳನ್ನು ಕೂಡಿಸುವಾಗ ಇಬ್ಬದಿಯಲ್ಲೂ 3 ಡಿಗ್ರಿ ಮೇಲೇರುವ ಕೋನ ಇರಬೇಕಾಗಿತ್ತು. ಒಂದು ರೆಕ್ಕೆಯನ್ನು ಹಲಗೆಯ ಮೇಲೆ ಮಟ್ಟಸವಾಗಿ ಬಂಧಿಸಿ, ಇನ್ನೊಂದರ ತುದಿಯ ಕೆಳಗೆ 78 ಮಿಲಿಮೀಟರ್ ಎತ್ತರದ ಮರದ ತುಂಡನ್ನಿಟ್ಟರೆ, 75 ಸೆಂಟಿಮೀಟರ್ ಉದ್ದದ ಆ ರೆಕ್ಕೆಗೆ ಒಟ್ಟು 6 ಡಿಗ್ರಿ ಸಿಗುತ್ತದೆ. ಪ್ಲೈವುಡ್‌ನ ನಡುಪಟ್ಟಿಗೆ ಎರಡೂ ಬದಿಯಲ್ಲಿ ಎಪಾಕ್ಸಿ ಸವರಿ, ಒಂದು ರಾತ್ರಿ ಕದಲಿಸದೆ ಬಿಟ್ಟೆ. ಈ ಕೋನವೇ ವಿಮಾನ ಒಂದು ಬದಿಗೆ ವಾಲಿದಾಗ ಅದನ್ನು ತಾನಾಗಿ ಸಮಸ್ಥಿತಿಗೆ ತರುವ ಗುಣ ಕೊಡುತ್ತದೆ. ಕಲಿಯುವವರ ಮಾದರಿಗಳಲ್ಲಿ ಇದನ್ನು ಧಾರಾಳವಾಗಿ ಇಟ್ಟಿರುವುದು ಅದಕ್ಕಾಗಿಯೇ.

ಒಡಲನ್ನು ಕಟ್ಟುವುದು ಹೋಲಿಕೆಯಲ್ಲಿ ಸುಲಭ. ನಕ್ಷೆಯ ನಡುಗೆರೆಗೆ ಎರಡೂ ಬದಿಯ ಹಲಗೆಗಳು ಸಮದೂರದಲ್ಲಿರುವಂತೆ ನಿಲ್ಲಿಸಿ, ಬಾಲದ ಕಡೆ ಅವೆರಡನ್ನೂ ಒಟ್ಟಿಗೆ ಎಳೆಯುವಾಗ ಒಂದು ಬದಿ ಹೆಚ್ಚು ಬಾಗದಂತೆ ನೋಡಿಕೊಂಡರೆ ಸಾಕು. ಗಮನ ಬೇಡುವುದು ಮೂಗಿನ ಪ್ಲೈವುಡ್ ಗೋಡೆ. ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಅದರ ಪ್ರತಿಕ್ರಿಯೆಯೂ ಒಡಲನ್ನು ಸುತ್ತಿಕೊಂಡು ಹೋಗುವ ಗಾಳಿಯೂ ಸೇರಿ ವಿಮಾನವನ್ನು ಎಡಕ್ಕೆ ಎಳೆಯುತ್ತವೆ. ಇದನ್ನು ಎದುರಿಸಲು ಮೋಟಾರು 2 ಡಿಗ್ರಿಯಷ್ಟು ಬಲಕ್ಕೆ, ಮತ್ತು ವೇಗ ಹೆಚ್ಚಿದಾಗ ಮೂಗು ಏರದಿರಲೆಂದು ಅಷ್ಟೇ ಕೆಳಕ್ಕೆ ಮುಖ ಮಾಡಿರಬೇಕು. ಗೋಡೆಯಿಂದ ಪ್ರೊಪೆಲ್ಲರ್‌ಗೆ 70 ಮಿಲಿಮೀಟರ್ ಇದ್ದರೆ, 2 ಡಿಗ್ರಿಗೆ ದಂಡದ ತುದಿ ಸುಮಾರು 2.5 ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ಹಾಗಾಗಿ ಮೋಟಾರಿನ ತಿರುಪುಗಳ ರಂಧ್ರಗಳನ್ನು ಅಷ್ಟೇ ಎಡಕ್ಕೆ ಮತ್ತು ಅಷ್ಟೇ ಮೇಲಕ್ಕೆ ಗುರುತು ಹಾಕಿ ಕೊರೆದೆ. ದಂಡ ಮೂಗಿನ ನಟ್ಟನಡುವೆ ಹೊರಬಂದಿತು.

ಚೌಕಟ್ಟುಗಳನ್ನೆಲ್ಲ ಉಜ್ಜಿ, ಧೂಳನ್ನು ಪೂರ್ತಿ ಒರೆಸಿದ ನಂತರ ಬಿಸಿಗೆ ಕುಗ್ಗುವ ಫಿಲ್ಮನ್ನು ಹೊದಿಸಿದೆ. ಸಣ್ಣ ಇಸ್ತ್ರಿಯನ್ನು ಮೊದಲು ಕಡಿಮೆ ಶಾಖದಲ್ಲಿಟ್ಟು ಅಂಚುಗಳನ್ನಷ್ಟೇ ಅಂಟಿಸಿ, ಆಮೇಲೆ ಶಾಖ ಏರಿಸಿ ನಡುಭಾಗವನ್ನು ಬಿಗಿಗೊಳಿಸಬೇಕು. ರೆಕ್ಕೆಯ ಕೆಳಭಾಗ ಮೊದಲು, ಮೇಲ್ಭಾಗ ನಂತರ. ಮೇಲೆ ಹಳದಿ, ಕೆಳಗೆ ಕಡುನೀಲಿ ಆರಿಸಿದ್ದು ಚೆಂದಕ್ಕಲ್ಲ. ದೂರದಲ್ಲಿರುವ ವಿಮಾನ ತನ್ನ ಬೆನ್ನು ತೋರುತ್ತಿದೆಯೋ ಹೊಟ್ಟೆ ತೋರುತ್ತಿದೆಯೋ ಎಂದು ಕಣ್ಣಿಗೆ ತಟ್ಟನೆ ತಿಳಿಯಬೇಕು. ತೆರೆದ ಚೌಕಟ್ಟಿನ ರೆಕ್ಕೆ ಕೈಯಲ್ಲಿ ಹಿಡಿದರೆ ತಿರುಚಿಕೊಳ್ಳುತ್ತದೆ, ಅದಕ್ಕೆ ಬಿಗಿ ಬರುವುದು ಈ ಹೊದಿಕೆಯಿಂದಲೇ. ಹಾಗಾಗಿ ಕೊನೆಯ ಬಾರಿ ಬಿಸಿ ಮಾಡುವಾಗ ರೆಕ್ಕೆ ಹೇಗೆ ಹಿಡಿಯಲ್ಪಟ್ಟಿದೆಯೋ ಹಾಗೆಯೇ ಉಳಿದುಬಿಡುತ್ತದೆ. ನಾನು ಅದನ್ನು ಹಲಗೆಗೆ ಭಾರವಿಟ್ಟು ಒತ್ತಿ ಬಿಗಿಗೊಳಿಸಿ, ಬಳಿಕ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಎರಡೂ ತುದಿಗಳ ಕೋನವನ್ನು ಡಿಜಿಟಲ್ ಕೋನಮಾಪಕದಿಂದ ಅಳೆದೆ. ವ್ಯತ್ಯಾಸವಿದ್ದರೆ ರೆಕ್ಕೆಯನ್ನು ಎದುರು ದಿಕ್ಕಿಗೆ ಮೃದುವಾಗಿ ತಿರುಚಿ ಹಿಡಿದು ಮತ್ತೆ ಬಿಸಿ ಮಾಡಿದರೆ ಅದು ಸರಿಹೋಗುತ್ತದೆ.

ಬಾಲದ ಅಡ್ಡರೆಕ್ಕೆಯನ್ನು ಒಡಲಿಗೆ ಅಂಟಿಸುವ ಜಾಗದಲ್ಲಿ ಮರಕ್ಕೆ ಮರ ತಾಗಬೇಕಾದ್ದರಿಂದ ಅಲ್ಲಿನ ಫಿಲ್ಮನ್ನು ತೆಗೆಯಬೇಕು. ಇದನ್ನು ಚಾಕುವಿನಿಂದ ಮಾಡುವುದು ನನಗೆ ಸಮ್ಮತವಲ್ಲ. ಅಲಗು ಫಿಲ್ಮಿನ ಕೆಳಗಿನ ಬಾಲ್ಸಾವನ್ನೂ ಗೀರುತ್ತದೆ, ಮತ್ತು ಆ ಗೀರು ಬೀಳುವುದು ಬಾಲದ ಮೇಲೆ ಅತಿ ಹೆಚ್ಚು ಒತ್ತಡವಿರುವ ಗೆರೆಯಲ್ಲಿಯೇ. ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಅಳತೆಪಟ್ಟಿಯ ಅಂಚಿನಲ್ಲಿ ಎಳೆದರೆ ಫಿಲ್ಮು ಮಾತ್ರ ಕರಗಿ ಬಿಡಿಸಿಕೊಳ್ಳುತ್ತದೆ. ಅಂಟು ಹಸಿಯಿರುವಾಗಲೇ, ಮೂಗಿನ ನಡುವಿಗೆ ಚುಚ್ಚಿದ ಪಿನ್ನಿನಿಂದ ಹಿಗ್ಗದ ದಾರವನ್ನು ಬಾಲದ ಎರಡೂ ತುದಿಗಳಿಗೆ ಎಳೆದು ದೂರ ಒಂದೇ ಇರುವಂತೆ ಸರಿಪಡಿಸಿ, ರೆಕ್ಕೆಯನ್ನೂ ತಾತ್ಕಾಲಿಕವಾಗಿ ಕೂರಿಸಿ, ಹಿಂದಿನಿಂದ ನೋಡಿದಾಗ ಬಾಲವು ರೆಕ್ಕೆಗೆ ಸಮಾನಾಂತರವಾಗಿದೆಯೇ ಎಂದು ಪರೀಕ್ಷಿಸಿದೆ.

ನಿಯಂತ್ರಣ ಭಾಗಗಳಲ್ಲಿ ಎರಡು ನಿಯಮಗಳನ್ನು ಬಿಡದೆ ಪಾಲಿಸಿದೆ: ಹಾರ್ನಿನ (ಚಲಿಸುವ ಪಟ್ಟಿಗೆ ಜೋಡಿಸಿದ ಪುಟ್ಟ ಕೊಂಬಿನ) ರಂಧ್ರಗಳು ಕೀಲಿನ ಗೆರೆಯ ನೇರದಲ್ಲಿರಬೇಕು, ಮತ್ತು ಆ ಪಟ್ಟಿಯನ್ನು ಚಲಿಸುವ ಸಣ್ಣ ಮೋಟಾರಾದ ಸರ್ವೊ ನಡುಸ್ಥಾನದಲ್ಲಿದ್ದಾಗ ಅದರ ತೋಳು, ಹಾರ್ನಿಗೆ ಹೋಗುವ ತಂತಿಗೆ ಲಂಬವಾಗಿರಬೇಕು. ಇವೆರಡೂ ಸರಿಯಿದ್ದರೆ ಎಲಿವೇಟರ್ (ಬಾಲದ ಅಡ್ಡರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಮೇಲಕ್ಕೂ ಕೆಳಕ್ಕೂ ಸಮನಾಗಿ ಚಲಿಸುತ್ತದೆ; ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಎಷ್ಟು ತಿದ್ದಿದರೂ ಅಸಮತೋಲ ಉಳಿಯುತ್ತದೆ. ತಂತಿಯನ್ನು ಸರ್ವೊ ತೋಳಿನ ಒಳರಂಧ್ರಕ್ಕೂ ಹಾರ್ನಿನ ಹೊರರಂಧ್ರಕ್ಕೂ ಸಿಕ್ಕಿಸಿದ್ದರಿಂದ ಚಲನೆ ಸ್ವಲ್ಪ ತಗ್ಗಿದರೂ ಬಲ ಹೆಚ್ಚಿತು, ಸಡಿಲು ಕಡಿಮೆಯಾಯಿತು.

ವಿದ್ಯುತ್ ವ್ಯವಸ್ಥೆಗೆ ಕಿಲೋಗ್ರಾಂಗೆ ಸುಮಾರು 200 ವಾಟ್ ಎಂಬ ಲೆಕ್ಕ ತರಬೇತಿ ಮಾದರಿಗಳಿಗೆ ಸಾಕಾಗುತ್ತದೆ. 11.1 ವೋಲ್ಟಿನ ಮೂರು ಕೋಶಗಳ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ, 1.4 ಕಿಲೋಗ್ರಾಂಗೆ ಬೇಕಾಗುವ 280 ವಾಟ್ ಎಂದರೆ 25 ಆಂಪಿಯರ್ ಆಸುಪಾಸು. ಅದಕ್ಕೆ 40 ಆಂಪಿಯರ್ ವೇಗನಿಯಂತ್ರಕವನ್ನು ಅಳವಡಿಸಿ, ಗಾಳಿ ಒಳಬರಲು ಒಂದು ಕಿಂಡಿಯನ್ನೂ ಹೊರಹೋಗಲು ಅದಕ್ಕಿಂತ ದೊಡ್ಡ ಕಿಂಡಿಯನ್ನೂ ತೆರೆದೆ. ವಿಮಾನದೊಳಗೆ ಸಂಕೇತ ಹಿಡಿಯುವ ರಿಸೀವರಿನ ಎರಡು ಆಂಟೆನಾಗಳನ್ನು ಪರಸ್ಪರ 90 ಡಿಗ್ರಿಯಲ್ಲಿ, ಬ್ಯಾಟರಿಯಿಂದ ದೂರವಿಟ್ಟೆ, 2.4 ಗಿಗಾಹರ್ಟ್ಸ್ ಅಲೆಗಳಿಗೆ ಒಂದು ಆಂಟೆನಾ ಮರೆಯಾದರೂ ಇನ್ನೊಂದು ಕಾಣಿಸುತ್ತಿರಬೇಕು. ಈ ಹಂತದ ಪರೀಕ್ಷೆಗಳೆಲ್ಲವನ್ನೂ ಪ್ರೊಪೆಲ್ಲರ್ ತೆಗೆದಿಟ್ಟೇ ಮಾಡಿದೆ, ಮಾಡಲೇಬೇಕು. ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲ ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಮೇಲೇಳಬೇಕು, ಎಳೆದಾಗ ಎಲಿವೇಟರಿನ ಹಿಂಬದಿ ಮೇಲೇಳಬೇಕು, ಟ್ರಾನ್ಸ್‌ಮಿಟರ್ ಆಫ್ ಮಾಡಿದ ಕೂಡಲೇ ಮೋಟಾರು ನಿಲ್ಲಬೇಕು.

ಗುರುತ್ವ ಕೇಂದ್ರವನ್ನು ನೋಡುವುದು ಎಲ್ಲವೂ ಒಳಗೆ ಸೇರಿದ ಮೇಲೆಯೇ, ಬ್ಯಾಟರಿ ಸಮೇತ. ಇಂತಹ ಮಾದರಿಯಲ್ಲಿ ಅದು ರೆಕ್ಕೆಯ ಅಗಲದ 25ರಿಂದ 30 ಶೇಕಡದ ನಡುವೆ ಇರಬೇಕು. 23 ಸೆಂಟಿಮೀಟರ್ ಅಗಲಕ್ಕೆ ಅದು ಮುಂಬದಿಯಿಂದ 58ರಿಂದ 69 ಮಿಲಿಮೀಟರ್. ಮೊದಲ ಹಾರಾಟಕ್ಕೆ ನಾನು 60ನ್ನು ಆರಿಸಿಕೊಂಡೆ, ಏಕೆಂದರೆ ಮೂಗು ತುಸು ಭಾರವಾದ ವಿಮಾನ ಮಂದವಾಗಿ ಹಾರುತ್ತದೆ, ಬಾಲ ಭಾರವಾದದ್ದು ಹತೋಟಿಗೇ ಸಿಗುವುದಿಲ್ಲ. ರೆಕ್ಕೆಯ ಕೆಳಗೆ ಎರಡೂ ಬದಿ ಗುರುತಿಟ್ಟ ಜಾಗದಲ್ಲಿ ಬೆರಳಿನಿಂದ ಎತ್ತಿ, ವಿಮಾನ ಮಟ್ಟಸವಾಗಿ ನಿಲ್ಲುವವರೆಗೆ ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತ ಹೋದೆ. ಹಗುರವಾದ ಬಾಲದ ಫಲ ಇಲ್ಲಿ ಕಂಡಿತು: ಸೀಸದ ತುಂಡೊಂದನ್ನೂ ಸೇರಿಸಬೇಕಾಗಲಿಲ್ಲ. ಬಳಿಕ ಮೂಗು ಮತ್ತು ಬಾಲದ ತುದಿಯನ್ನು ಹಿಡಿದು ಎತ್ತಿ ನೋಡಿದಾಗ ಎಡ ರೆಕ್ಕೆ ಮೆಲ್ಲನೆ ಕೆಳಗಿಳಿಯಿತು; ಬಲ ತುದಿಯೊಳಗೆ ಸಣ್ಣ ತಿರುಪೊಂದನ್ನು ಅಂಟಿಸಿ ಅದನ್ನು ಸರಿದೂಗಿಸಿದೆ.

ಗಾಳಿ ಶಾಂತವಾಗಿದ್ದ ಬೆಳಗ್ಗೆ, ಮೈದಾನದಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ ವ್ಯಾಪ್ತಿ ಪರೀಕ್ಷೆ ಮುಗಿಸಿ, ಗಾಳಿಗೆ ಎದುರಾಗಿ ಓಡಿಸಿದೆ. ವಿಮಾನ ತಾನೇ ನೆಲ ಬಿಟ್ಟು ಏರಿತು. ಸಾಕಷ್ಟು ಎತ್ತರದಲ್ಲಿ ಅರ್ಧ ಶಕ್ತಿಗೆ ಇಳಿಸಿ ಕಡ್ಡಿಗಳನ್ನು ಬಿಟ್ಟಾಗ ಅದು ಬಲಕ್ಕೆ ಅತ್ಯಲ್ಪವಾಗಿ ವಾಲುತ್ತಿತ್ತು, ಟ್ರಾನ್ಸ್‌ಮಿಟರಿನಲ್ಲಿ ಸೂಕ್ಷ್ಮವಾಗಿ ತಿದ್ದುವ ಟ್ರಿಮ್ಮಿನ ಮೂರು ಟಿಕ್ಕುಗಳಲ್ಲಿ ಅದು ನಿಂತಿತು. ಮೋಟಾರಿನ ಕೋನ ಸರಿಯಿದೆಯೇ ಎಂದು ತಿಳಿಯಲು ಪೂರ್ತಿ ಶಕ್ತಿ ಕೊಟ್ಟು ನೇರ ಏರಿಸಿದೆ. ಮೂಗು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. 2200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯ ಶೇಕಡ 80ರಷ್ಟನ್ನು ಮಾತ್ರ ಬಳಸುವಂತೆ ಟೈಮರನ್ನು 7 ನಿಮಿಷಕ್ಕೆ ಇಟ್ಟಿದ್ದೆ, ಅದು ಸದ್ದು ಮಾಡಿದಾಗ ಇಳಿಸಿದೆ. ಮೇಜಿಗೆ ಮರಳಿದ ಬಳಿಕ ಏಲೆರಾನಿನ ತಂತಿಯ ತುದಿಯನ್ನು ಅರ್ಧ ಸುತ್ತು ತಿರುಗಿಸಿ ಟ್ರಿಮ್ಮನ್ನು ಶೂನ್ಯಕ್ಕೆ ತಂದು, ಗಾಲಿಯ ತಿರುಪುಗಳನ್ನೂ ಪ್ರೊಪೆಲ್ಲರಿನ ನಟ್ಟನ್ನೂ ಬಿಗಿಗೊಳಿಸಿ, ಬ್ಯಾಟರಿಯನ್ನು ಕೋಶಕ್ಕೆ 3.8 ವೋಲ್ಟಿನ ಶೇಖರಣಾ ಮಟ್ಟಕ್ಕೆ ತಂದಿಟ್ಟೆ.