ಹದಿಹರೆಯದಲ್ಲಿ ಗರ್ಭನಿರೋಧಕ ಮಾತ್ರೆ: ನಾನು ನಿರ್ಧಾರಕ್ಕೆ ಬಂದ ಬಗೆ

ಹದಿನೇಳನೆಯ ವಯಸ್ಸಿನಲ್ಲಿ ನಾನು ಗರ್ಭನಿರೋಧಕ ಮಾತ್ರೆಯನ್ನು ಆರಂಭಿಸಿದ್ದು ಮುಟ್ಟಿನ ನೋವಿಗೆ ಮತ್ತು ಅತಿಸ್ರಾವಕ್ಕೆ ಚಿಕಿತ್ಸೆಯಾಗಿ. ಕಾರಣ ಏನೇ ಇದ್ದರೂ ಮಾತ್ರೆ ಅದೇ, ಅದರ ಅಪಾಯಗಳೂ ಅವೇ. ಹಾಗಾಗಿ ಆರಂಭಿಸುವ ಮುನ್ನ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳೂ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಆ ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಭಯಗಳಿಗೂ ವೈದ್ಯೆ ನಿಜವಾಗಿ ತೂಗಿ ನೋಡಿದ ಸಂಗತಿಗಳಿಗೂ ಸಂಬಂಧವೇ ಇರಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗದ ವಿಷಯ. ದಪ್ಪಗಾಗುತ್ತೀಯ, ಮುಂದೆ ಮಕ್ಕಳಾಗುವುದಿಲ್ಲ ಎಂದು ಎಚ್ಚರಿಸಿದವರು ಹಲವರಿದ್ದರು. ತಲೆನೋವು ಬರುವ ಮೊದಲು ಕಣ್ಣೆದುರು ಏನಾದರೂ ಮಿನುಗುತ್ತದೆಯೇ ಎಂದು ಕೇಳಿದವರು ಮಾತ್ರ ಒಬ್ಬರೇ.

ಮೈನೆರೆದ ನಂತರದ ಎರಡು ಮೂರು ವರ್ಷಗಳಲ್ಲಿ ಮುಟ್ಟು ಹಿಂದುಮುಂದಾಗುವುದು ಸಹಜ. ಮೆದುಳು ಮತ್ತು ಅಂಡಾಶಯಗಳ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಪಕ್ವವಾಗಲು ಅಷ್ಟು ಕಾಲ ಬೇಕಾಗುತ್ತದೆ. ಹದಿಹರೆಯದಲ್ಲಿ 21ರಿಂದ 45 ದಿನಗಳ ಚಕ್ರವನ್ನು ಸಾಮಾನ್ಯವೆಂದೇ ಪರಿಗಣಿಸುತ್ತಾರೆ. ಆದರೆ ಸ್ರಾವ ಏಳು ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಹೆಪ್ಪುಗಳು ಹೋದರೆ ಅದನ್ನು "ಎಲ್ಲರಿಗೂ ಇರುವುದೇ" ಎಂದು ತಳ್ಳಿಹಾಕುವಂತಿಲ್ಲ. ನನ್ನದು ಈ ಎರಡನೆಯ ಗುಂಪು. ವೈದ್ಯರ ಬಳಿ ಹೋಗುವ ಮೊದಲೇ ನಾನು ಒಂದು ನೋಟ್‌ಪುಸ್ತಕದಲ್ಲಿ ಗೆರೆ ಎಳೆದು, ದಿನಾಂಕ, ಬದಲಿಸಿದ ಪ್ಯಾಡುಗಳ ಸಂಖ್ಯೆ, ಹತ್ತಕ್ಕೆ ಎಷ್ಟು ನೋವು, ತೆಗೆದುಕೊಂಡ ಗುಳಿಗೆ, ತರಗತಿಗೆ ಹೋದೆನೋ ಇಲ್ಲವೋ ಎಂದು ಬರೆಯತೊಡಗಿದ್ದೆ. "ತುಂಬಾ ಹೋಗುತ್ತದೆ" ಎಂಬ ಮಾತಿಗೆ ಅಳತೆ ಇಲ್ಲ. ಆ ಪುಟಗಳನ್ನು ಮುಂದಿಟ್ಟಾಗ ಸ್ತ್ರೀರೋಗ ತಜ್ಞೆ ಬೇರೇನೂ ಹೇಳದೆ ಮೊದಲು ಅವನ್ನೇ ಪೂರ್ತಿ ಓದಿದರು.

ಅವರು ಅಂದು ಮಾತ್ರೆಯ ವಿಷಯವನ್ನೇ ಎತ್ತಲಿಲ್ಲ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್, ಥೈರಾಯ್ಡ್, ಇವುಗಳ ಜೊತೆಗೆ ರಕ್ತಸ್ರಾವದ ಕಾಯಿಲೆಗೆ ಸಂಬಂಧಿಸಿದ ಪರೀಕ್ಷೆಗಳನ್ನೂ ಬರೆದುಕೊಟ್ಟರು. ಚಿಕ್ಕ ವಯಸ್ಸಿನಲ್ಲಿ ಅತಿಸ್ರಾವ ಕಾಣಿಸಿಕೊಂಡವರಲ್ಲಿ ಕೆಲವರಿಗೆ ಫಾನ್ ವಿಲ್ಲೆಬ್ರಾಂಡ್ ಕಾಯಿಲೆ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನಿನ ಕೊರತೆ, ಇರುತ್ತದೆಯಂತೆ. ಈ ಪರೀಕ್ಷೆಯನ್ನು ಹಾರ್ಮೋನು ಆರಂಭಿಸುವ ಮೊದಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಮಾತ್ರೆಯಲ್ಲಿರುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಆ ಪ್ರೋಟೀನಿನ ಮಟ್ಟವನ್ನು ಏರಿಸಿ ಕೊರತೆಯನ್ನು ಮರೆಮಾಚಬಹುದು. ನನಗೆ ಅದೇನೂ ಇರಲಿಲ್ಲ. ಕಬ್ಬಿಣ ಮಾತ್ರ ತಳ ಕಂಡಿತ್ತು.

ಮೊದಲು ಪ್ರಯತ್ನಿಸಿದ್ದು ಕಬ್ಬಿಣದ ಗುಳಿಗೆ ಮತ್ತು ಮೆಫೆನಾಮಿಕ್ ಆಸಿಡ್. ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವೇ ಗರ್ಭಕೋಶವನ್ನು ಹಿಂಡಿ ನೋವು ತರುವುದರಿಂದ, ಅದರ ಉತ್ಪತ್ತಿಯನ್ನು ತಗ್ಗಿಸುವ ಈ ಬಗೆಯ ನೋವುನಿವಾರಕಗಳನ್ನು ನೋವು ಏರಿದ ಮೇಲೆ ನುಂಗುವುದಕ್ಕಿಂತ ಮುಟ್ಟಿನ ಮುನ್ಸೂಚನೆ ಕಂಡೊಡನೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹೆಚ್ಚು ಫಲ. ಇಷ್ಟರಿಂದಲೇ ಸಾಕಷ್ಟು ಹುಡುಗಿಯರಿಗೆ ಸಮಾಧಾನ ಸಿಗುತ್ತದೆ, ಅವರಿಗೆ ಮುಂದಿನ ಪ್ರಶ್ನೆಯೇ ಹುಟ್ಟುವುದಿಲ್ಲ. ನನ್ನ ನೋಟ್‌ಪುಸ್ತಕದಲ್ಲಿ ನೋವಿನ ಅಂಕ ಸ್ವಲ್ಪ ಇಳಿಯಿತು; ಪ್ಯಾಡುಗಳ ಸಂಖ್ಯೆ ಇಳಿಯಲಿಲ್ಲ. ಮಾತ್ರೆಯ ಮಾತು ಬಂದಿದ್ದು ಆಗ.

"ಇದು ಮದುವೆಯಾದವರು ತೆಗೆದುಕೊಳ್ಳುವುದಲ್ಲವೇ ಡಾಕ್ಟರೇ?" ಎಂದು ಅಮ್ಮ ತಗ್ಗಿದ ದನಿಯಲ್ಲಿ ಕೇಳಿದಳು. ಅಮೆರಿಕದಲ್ಲಿ ಈ ಬಗೆಯ ಮೊದಲ ಮಾತ್ರೆಗೆ 1957ರಲ್ಲಿ ಅನುಮತಿ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ, ಗರ್ಭನಿರೋಧಕವಾಗಿ ಅನುಮತಿ ಸಿಕ್ಕಿದ್ದು 1960ರಲ್ಲಿ ಎಂದು ವೈದ್ಯೆ ನಗುತ್ತಲೇ ವಿವರಿಸಿದರು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೋಜೆನ್ ಎಂಬ ಎರಡೂ ಹಾರ್ಮೋನುಗಳಿರುವ ಸಂಯುಕ್ತ ಮಾತ್ರೆಯು ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ, ಗರ್ಭಕೋಶದ ಒಳಪದರವನ್ನು ತೆಳುವಾಗಿಡುತ್ತದೆ. ಪದರ ತೆಳುವಾದರೆ ಉದುರುವುದೂ ಕಡಿಮೆ, ಪ್ರೊಸ್ಟಾಗ್ಲಾಂಡಿನ್ ಕೂಡ ಕಡಿಮೆ. ಮಾತ್ರೆಯ ಬಿಡುವಿನ ದಿನಗಳಲ್ಲಿ ಆಗುವ ಸ್ರಾವ ಹಾರ್ಮೋನು ನಿಂತದ್ದರಿಂದ ಆಗುವಂಥದ್ದೇ ಹೊರತು ಸಹಜ ಮುಟ್ಟಲ್ಲ. ಆದ್ದರಿಂದ ಅನಿಯಮಿತ ಮುಟ್ಟಿಗೆ ಕಾರಣ ಪತ್ತೆಮಾಡದೆ ಮಾತ್ರೆ ಕೊಟ್ಟರೆ ಲೆಕ್ಕ ಸರಿಹೋದಂತೆ ಕಾಣುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ ಎಂಬ ಅವರ ಹಟ ನನಗೆ ಅರ್ಥವಾದದ್ದು ಇಲ್ಲಿಯೇ.

ನಿರ್ಧಾರ ನಿಂತದ್ದು ಮುಂದಿನ ಪ್ರಶ್ನೆಗಳ ಮೇಲೆ. ರಕ್ತದೊತ್ತಡ ಅಳೆದರು, ಒಳ ಪರೀಕ್ಷೆಯ ಅಗತ್ಯವೇ ಇಲ್ಲವೆಂದರು, ಆ ಭಯದಿಂದಲೇ ಎಷ್ಟೋ ಹುಡುಗಿಯರು ವೈದ್ಯರ ಬಾಗಿಲು ತಟ್ಟುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಸಿಗರೇಟು, ಯಕೃತ್ತಿನ ಕಾಯಿಲೆ, ಬೇರೆ ಔಷಧಗಳು ಎಂದು ಒಂದೊಂದಾಗಿ ಕೇಳಿದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್ ಮುಂತಾದವು ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ. ನನಗೆ ಮುಟ್ಟಿನ ಹೊತ್ತಿಗೆ ತಲೆನೋವು ಬರುತ್ತಿದ್ದುದರಿಂದ ಮೈಗ್ರೇನಿನ ವಿಷಯದಲ್ಲಿ ಬಹಳ ಹೊತ್ತು ನಿಂತರು: ನೋವಿಗೆ ಮೊದಲು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣುತ್ತವೆಯೇ, ದೃಷ್ಟಿಯ ಒಂದು ಭಾಗ ಮಸುಕಾಗುತ್ತದೆಯೇ, ಮುಖ ಅಥವಾ ಕೈ ಜುಮ್ಮೆನ್ನುತ್ತದೆಯೇ, ಮಾತು ತೊದಲುತ್ತದೆಯೇ? ಇವು ಔರಾ ಎಂದು ಕರೆಯುವ ಲಕ್ಷಣಗಳು. ಇವು ಇರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುವುದರಿಂದ ವಯಸ್ಸು ಎಷ್ಟೇ ಇದ್ದರೂ ಅದನ್ನು ಕೊಡುವುದಿಲ್ಲ. ನನ್ನದು ಬರಿಯ ತಲೆನೋವು ಎಂದು ಖಚಿತಪಡಿಸಿಕೊಂಡ ನಂತರವೇ ಅವರು ಮುಂದೆ ಹೋದರು.

"ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ?" ಎಂಬ ಪ್ರಶ್ನೆಗೆ ಅಮ್ಮ ಇಲ್ಲವೆಂದವಳು, ಒಂದು ಕ್ಷಣ ತಡೆದು, ಚಿಕ್ಕಮ್ಮನಿಗೆ ಬಾಣಂತನದಲ್ಲಿ ಕಾಲು ಊದಿಕೊಂಡು ರಕ್ತ ತೆಳುವಾಗಿಸುವ ಚುಚ್ಚುಮದ್ದು ಕೊಟ್ಟದ್ದನ್ನು ನೆನಪಿಸಿಕೊಂಡಳು. ವೈದ್ಯೆ ಪೆನ್ನು ಕೆಳಗಿಟ್ಟು, ಆಗ ಚಿಕ್ಕಮ್ಮನ ವಯಸ್ಸೆಷ್ಟು, ಹೆರಿಗೆಯಾಗಿ ಎಷ್ಟು ದಿನವಾಗಿತ್ತು, ಮತ್ತೆ ಮರುಕಳಿಸಿತೇ ಎಂದು ವಿಚಾರಿಸಿದರು. ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ, ಅದರಲ್ಲೂ 45 ವರ್ಷದೊಳಗೆ, ಹೀಗಾಗಿದ್ದರೆ ಅದರ ತೂಕವೇ ಬೇರೆ. ಬಾಣಂತನದಲ್ಲಿ ಹೆಪ್ಪುಗಟ್ಟುವ ಅಪಾಯ ಯಾರಿಗಾದರೂ ಹೆಚ್ಚೇ ಎಂದು ಹೇಳಿ, ಆದರೂ ನನ್ನ ಕಡತದಲ್ಲಿ ಅದನ್ನು ಬರೆದಿಟ್ಟರು. ಅಂಕಿಗಳನ್ನು ನಾನೇ ಕೇಳಿದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಅಂದಾಜಿನಂತೆ, ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೋಜೆನ್ ಇರುವ ಸಂಯುಕ್ತ ಮಾತ್ರೆಯಲ್ಲಿ ಅದು 5ರಿಂದ 7, ಬೇರೆ ಬಗೆಯ ಪ್ರೊಜೆಸ್ಟೋಜೆನ್‌ಗಳಾದ ಡ್ರೊಸ್ಪೈರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವುದರಲ್ಲಿ 9ರಿಂದ 12. ಅಪಾಯ ಹೆಚ್ಚಿರುವುದು ಮೊದಲ ವರ್ಷದಲ್ಲಿ. ಮೊಡವೆಗೂ ಆಗುತ್ತದೆಯೆಂದು ಗೆಳತಿಯೊಬ್ಬಳು ಹೇಳಿದ್ದ ಡ್ರೊಸ್ಪೈರೆನೋನ್ ಮಾತ್ರೆಯ ಆಸೆಯನ್ನು ನಾನು ಬಿಟ್ಟದ್ದು ಈ ಅಂಕಿಗಳನ್ನು ಕೇಳಿದ ಮೇಲೆ.

ತೂಕ ಮತ್ತು ಬಂಜೆತನದ ವಿಷಯ ಕೆಲವೇ ಮಾತುಗಳಲ್ಲಿ ಮುಗಿಯಿತು. ಸಂಯುಕ್ತ ಮಾತ್ರೆ ತೂಕವನ್ನು ಗಣನೀಯವಾಗಿ ಏರಿಸುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ನಿಲ್ಲಿಸಿದ ಮೇಲೆ ಫಲವಂತಿಕೆ ಮರಳುತ್ತದೆ, ಕೆಲವರಿಗೆ ಕೆಲವು ತಿಂಗಳು ತಡವಾಗಬಹುದು. ಯಾರೂ ನನ್ನನ್ನು ಎಚ್ಚರಿಸದಿದ್ದ ಸಂಗತಿಯೆಂದರೆ ಮನಸ್ಸಿನದು. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾರ್ಮೋನು ಗರ್ಭನಿರೋಧಕ ಬಳಸುವವರಲ್ಲಿ, ವಿಶೇಷವಾಗಿ ಹದಿಹರೆಯದವರಲ್ಲಿ, ಖಿನ್ನತೆಯ ಔಷಧ ಆರಂಭಿಸಿದವರ ಪ್ರಮಾಣ ಹೆಚ್ಚಿತ್ತು. ಅದರಿಂದ ಮಾತ್ರೆಯೇ ಕಾರಣವೆಂದು ಸಿದ್ಧವಾಗುವುದಿಲ್ಲ, ಆದರೆ ಗಮನಿಸದೆ ಬಿಡುವಂಥ ವಿಷಯವೂ ಅದಲ್ಲ. ನನ್ನ ನೋಟ್‌ಪುಸ್ತಕದಲ್ಲಿ ಮನಸ್ಸಿನ ಸ್ಥಿತಿಗೂ ಒಂದು ಸಾಲು ಸೇರಿಕೊಂಡಿತು.

ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ಹೇಳಿ ವೈದ್ಯೆ ನನ್ನೊಬ್ಬಳೊಡನೆಯೇ ಮಾತನಾಡಿದರು. ಇದು ಯಾವ ಹದಿಹರೆಯದವಳಿಗೂ ಸಿಗಬೇಕಾದ ಅವಕಾಶ, ಕೊಡದಿದ್ದರೆ ಕೇಳಿ ಪಡೆಯಬೇಕಾದದ್ದು. ಆಗ ನನಗೆ ಗರ್ಭನಿರೋಧದ ಅಗತ್ಯವಿರಲಿಲ್ಲ. ಆದರೂ ಅವರು ಹೇಳಬೇಕಾದುದನ್ನು ಹೇಳಿದರು. ತಪ್ಪಿಲ್ಲದೆ ತೆಗೆದುಕೊಂಡರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿ ಗರ್ಭಿಣಿಯರಾಗುತ್ತಾರೆ, ನಿತ್ಯದ ಮರೆವು ಸೇರಿದರೆ ಅದು ಸುಮಾರು 7ಕ್ಕೆ ಏರುತ್ತದೆ. ಲೈಂಗಿಕ ಸೋಂಕುಗಳಿಂದ ಮಾತ್ರೆ ರಕ್ಷಣೆ ಕೊಡುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.

ಬೇರೆ ದಾರಿಗಳೂ ಇದ್ದವು. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಸ್ರಾವವನ್ನು ತಗ್ಗಿಸುತ್ತದೆ, ನೋವನ್ನಲ್ಲ. ಔರಾ ಇರುವವರಿಗೆ ಒಗ್ಗಬಹುದಾದ, ಈಸ್ಟ್ರೊಜೆನ್ ಇಲ್ಲದ ಪ್ರೊಜೆಸ್ಟೋಜೆನ್ ಮಾತ್ರೆಗಳೂ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವೂ ಇದ್ದವು. ಸಾಧನಕ್ಕೆ ನಾನು ಆ ವಯಸ್ಸಿನಲ್ಲಿ ಸಿದ್ಧಳಿರಲಿಲ್ಲ, ಅಷ್ಟೇ.

ಕೊನೆಗೆ ನಾನು ಒಪ್ಪಿದ್ದು ಮೂರು ತಿಂಗಳ ಪ್ರಯೋಗಕ್ಕೆ, ಅದೂ ಬರಹದಲ್ಲಿ. ಪುಟದ ಮೇಲೆ "ಯಾತಕ್ಕೆ" ಎಂದು ಬರೆದು ನೋವು, ಸ್ರಾವ ಎಂದು ಗುರುತಿಸಿದೆ. ಕೆಳಗೆ "ಯಾವಾಗ ನಿಲ್ಲಿಸುವುದು" ಎಂದು ಬರೆದು, ಒಂದು ಕಾಲು ಮಾತ್ರ ಊದಿ ನೋಯುವುದು, ಎದೆನೋವು ಅಥವಾ ಏದುಸಿರು, ಹಿಂದೆಂದೂ ಕಾಣದಂಥ ತಲೆನೋವು, ಹಠಾತ್ತಾಗಿ ಕಣ್ಣು ಮಂಜಾಗುವುದು, ತೀವ್ರ ಹೊಟ್ಟೆನೋವು ಎಂದು ಪಟ್ಟಿ ಮಾಡಿದೆ. ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಅಂದೇ ತುರ್ತು ಚಿಕಿತ್ಸೆಗೆ ಹೋಗಬೇಕು. ಮನಸ್ಸು ಕುಗ್ಗಿದರೆ ಕಾಯದೆ ವೈದ್ಯೆಗೆ ತಿಳಿಸುವುದೆಂಬ ಸಾಲನ್ನು ಅಮ್ಮ ತಾನೇ ಸೇರಿಸಿದಳು, ಏಕೆಂದರೆ ಅದು ನನಗಿಂತ ಮೊದಲು ತನ್ನ ಕಣ್ಣಿಗೆ ಬೀಳುತ್ತದೆ ಎಂದು ಅವಳ ವಾದ.

ನನಗೆ ಕೊಟ್ಟದ್ದು 30 ಮೈಕ್ರೊಗ್ರಾಂ ಎಥಿನೈಲ್‌ಎಸ್ಟ್ರಾಡಿಯಾಲ್ (ಒಂದು ಬಗೆಯ ಈಸ್ಟ್ರೊಜೆನ್) ಮತ್ತು ಲೆವೊನಾರ್ಜೆಸ್ಟ್ರೆಲ್ ಇರುವ, 21 ದಿನ ತೆಗೆದುಕೊಂಡು 7 ದಿನ ಬಿಡುವ ಸ್ಟ್ರಿಪ್. ರಾತ್ರಿ ಹಲ್ಲುಜ್ಜುವ ಹೊತ್ತಿಗೆ ಮಾತ್ರೆ ಎಂದು ಗೊತ್ತುಮಾಡಿಕೊಂಡೆ, ಹಾಗೆ ಮಾಡಿದರೆ ವಾಕರಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಒಂದು ಮಾತ್ರೆ ತಪ್ಪಿದರೆ ನೆನಪಾದ ಕೂಡಲೇ ನುಂಗಿ ಉಳಿದವನ್ನು ಎಂದಿನಂತೆ ಮುಂದುವರಿಸಬೇಕು. ಎರಡು ಅಥವಾ ಹೆಚ್ಚು ತಪ್ಪಿದರೆ, ಗರ್ಭನಿರೋಧಕ್ಕಾಗಿ ತೆಗೆದುಕೊಳ್ಳುವವರು ಏಳು ದಿನ ಬೇರೆ ರಕ್ಷಣೆಯನ್ನೂ ಬಳಸಬೇಕು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ತೆಗೆದುಕೊಳ್ಳಬೇಕು.

ಮೊದಲ ಎರಡು ಸ್ಟ್ರಿಪ್‌ಗಳಲ್ಲಿ ನಡುನಡುವೆ ಹನಿಹನಿಯಾಗಿ ಸ್ರಾವ ಕಂಡಿತು, ಸ್ತನಗಳು ಬಿಗಿದು ನೋಯುತ್ತಿದ್ದವು. ಮೊದಲೇ ತಿಳಿದಿದ್ದರಿಂದ ನಿಲ್ಲಿಸಲಿಲ್ಲ, ಮೂರನೆಯದರಲ್ಲಿ ಅವು ಕಡಿಮೆಯಾದವು. ಮೂರು ತಿಂಗಳ ಕೊನೆಗೆ ರಕ್ತದೊತ್ತಡ ಏರಿರಲಿಲ್ಲ, ಪ್ಯಾಡುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿದಿತ್ತು, ನೋವು ಪೂರ್ತಿ ಹೋಗದಿದ್ದರೂ ತರಗತಿ ತಪ್ಪಿಸುವಷ್ಟು ಇರಲಿಲ್ಲ. ನೋವು ಇಳಿಯದೇ ಇದ್ದಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ, ಇದೆಯೇ ಎಂದು ನೋಡಬೇಕಾಗುತ್ತಿತ್ತು ಎಂದು ವೈದ್ಯೆ ಹೇಳಿ, ಮುಂದುವರಿಸಲು ಒಪ್ಪಿದರು. ಅಂದಿನಿಂದ ವರ್ಷಕ್ಕೊಮ್ಮೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ, ಏಕೆಂದರೆ ಔರಾ ನಂತರದ ವರ್ಷಗಳಲ್ಲೂ ಆರಂಭವಾಗಬಹುದು, ಮನೆಯವರ ಆರೋಗ್ಯವೂ ಬದಲಾಗುತ್ತದೆ. ಬೇರೆ ಯಾವ ವೈದ್ಯರ ಬಳಿ ಹೋದರೂ ನಾನು ಈ ಮಾತ್ರೆಯ ಹೆಸರನ್ನು ಮೊದಲೇ ಹೇಳುತ್ತೇನೆ. ಬಹಳ ದಿನ ಹಾಸಿಗೆಯಲ್ಲಿರಬೇಕಾದಂಥ ದೊಡ್ಡ ಶಸ್ತ್ರಚಿಕಿತ್ಸೆಯಿದ್ದರೆ ಇದನ್ನು ನಾಲ್ಕು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ.