ಕೇರಳ ವಿಧಾನಸಭೆ ಫಲಿತಾಂಶ ಓದುವುದು ಹೇಗೆ?

ಮೊದಲು ಪಕ್ಷ ಬಿಡಿ, ಮೈತ್ರಿಕೂಟ ಹಿಡಿಯಿರಿ. ಒಟ್ಟು 140 ಸ್ಥಾನ, ಬಹುಮತಕ್ಕೆ 71. ಸಿಪಿಎಂ, ಸಿಪಿಐ ಇರುವುದು ಎಡಪಕ್ಷಗಳ ಕೂಟ ಎಲ್‌ಡಿಎಫ್‌ನಲ್ಲಿ. ಕಾಂಗ್ರೆಸ್, ಮುಸ್ಲಿಂ ಲೀಗ್ ಇರುವುದು ಅದರ ಎದುರಾಳಿ ಕೂಟ ಯುಡಿಎಫ್‌ನಲ್ಲಿ.

ಚುನಾವಣಾ ಆಯೋಗದ ವೆಬ್‌ಸೈಟ್ ಪಕ್ಷವಾರು ಲೆಕ್ಕ ಕೊಡುತ್ತದೆ, ಕೂಟದ ಲೆಕ್ಕ ನೀವೇ ಕೂಡಿಸಿಕೊಳ್ಳಬೇಕು. 'ಪಕ್ಷೇತರ' ಅಂತ ಕಂಡವರನ್ನು ಸುಮ್ನೆ ಪಕ್ಕಕ್ಕಿಡಬೇಡಿ. 2021ರಲ್ಲಿ ತವನೂರಿನಲ್ಲಿ ಗೆದ್ದ ಕೆ.ಟಿ. ಜಲೀಲ್ ಪಕ್ಷೇತರರು, ಆದರೆ ಎಲ್‌ಡಿಎಫ್ ಬೆಂಬಲಿತರು.

ಆಮೇಲೆ ಹಳೇ ಫಲಿತಾಂಶದ ಜೊತೆ ಹೋಲಿಸುವಾಗ ಯಾರು ಯಾವ ಕಡೆ ಹಾರಿದ್ದಾರೆ ಅಂತ ನೋಡಿ, ಇಲ್ಲೇ ಜಾಸ್ತಿ ಜನ ಎಡವುವುದು. 2020ರಲ್ಲಿ ಕೇರಳ ಕಾಂಗ್ರೆಸ್ (ಎಂ) ಪಕ್ಷದ ಜೋಸ್ ಕೆ. ಮಾಣಿ ಬಣ ಯುಡಿಎಫ್ ಬಿಟ್ಟು ಎಲ್‌ಡಿಎಫ್ ಸೇರಿತು. ಪಾಲಾ ಕ್ಷೇತ್ರದಲ್ಲಿ 2019ರ ಉಪಚುನಾವಣೆಯನ್ನು ಎಲ್‌ಡಿಎಫ್‌ನಿಂದ ಗೆದ್ದಿದ್ದ ಮಾಣಿ ಸಿ. ಕಾಪ್ಪನ್ ಆಗ ಯುಡಿಎಫ್ ಕಡೆ ಬಂದು, 2021ರಲ್ಲಿ ಅದೇ ಜೋಸ್ ಅವರನ್ನು ಸೋಲಿಸಿದರು. ಕ್ಷೇತ್ರ ಯುಡಿಎಫ್‌ಗೆ ಹೋಯಿತು, ಶಾಸಕರು ಮಾತ್ರ ಕಾಪ್ಪನ್ ಅವರೇ!

ಎಲ್ಲಾ ಕಡೆ ಈ ಎರಡು ಕೂಟಗಳದ್ದೇ ಜಗಳ ಅಂದುಕೊಳ್ಳಬೇಡಿ. ನಮ್ಮ ಕನ್ನಡಿಗರೂ ಸಾಕಷ್ಟಿರುವ ಮಂಜೇಶ್ವರದಲ್ಲಿ ಲೀಗ್‌ಗೆ ಎದುರಾಳಿ ಬಿಜೆಪಿ. 2016ರಲ್ಲಿ ಅಲ್ಲಿನ ಅಂತರ ಬರೀ 89 ಮತ, 2021ರಲ್ಲಿ 745. ಇಂಥ ಕಡೆ ಕೊನೇ ಸುತ್ತು ಮುಗಿಯುವವರೆಗೆ ಯಾರನ್ನೂ ಗೆದ್ದವರ ಲೆಕ್ಕಕ್ಕೆ ಸೇರಿಸಬೇಡಿ.